ಮಣಿಕಟ್ಟಿಗೆ ಬೇಡ, ತೋಳಿಗೆ ಕಟ್ಟಿ

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ನಮ್ಮ ಕನ್ನಡ ಸಂಘದವರು ಪಾಲ್ಘರ್ ಜಿಲ್ಲೆಯ ಮೊಖಾಡಾದ ಆದಿವಾಸಿ ಪಾಡಾಗಳಿಗೆ (ಹಾಡಿಗಳಿಗೆ) 40 ಸ್ಮಾರ್ಟ್ ಬ್ಯಾಂಡ್ ಕೊಡಬೇಕೆಂದಿದ್ದೇವೆ. ಹೃದಯಾಘಾತ ಮೊದಲೇ ಗೊತ್ತಾದರೆ ಜೀವ ಉಳಿದೀತು. ಯಾವ ಬ್ಯಾಂಡ್ ಒಳ್ಳೆಯದು?’

ಸಂಪಾದಕರ ಉತ್ತರ:

ದಯವಿಟ್ಟು ಬ್ಯಾಂಡ್ ಕೊಳ್ಳಬೇಡಿ. ಹೃದಯಾಘಾತ ಆಗಲಿದೆ ಎಂದು ಹೇಳುವ ಬ್ಯಾಂಡ್ ಯಾವುದೂ ಇಲ್ಲ.

ಅದರ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಅದು ಏರಿಳಿಯುವುದನ್ನು ನೋಡಿ ಬ್ಯಾಂಡ್ ನಾಡಿ ಎಣಿಸುತ್ತದೆ. ನಾಟಿ ಹಾಕುವ, ಸೌದೆ ಕಡಿಯುವ ಕೈಯಲ್ಲಿ ಈ ಎಣಿಕೆ ತಪ್ಪುತ್ತದೆ. ವಯಸ್ಸಾದ ಹೆಂಗಸರ ಮುಂಗೈಯ ಹಚ್ಚೆ ಬೆಳಕನ್ನು ನುಂಗುತ್ತದೆ, ಬಳೆಗಳು ಪಟ್ಟಿಯನ್ನು ಚರ್ಮದಿಂದ ಎತ್ತಿಬಿಡುತ್ತವೆ. ಕಫ್ (ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ) ಇಲ್ಲದೆ ಬಿ.ಪಿ. ತೋರಿಸುವ ಗಡಿಯಾರಗಳೂ ಇವೆ. ಹೆಸರಾಂತ ಕಂಪನಿಯದನ್ನೇ ತಂದರೂ 28 ದಿನಕ್ಕೊಮ್ಮೆ ಕಫ್ ಕಟ್ಟಿ ಹೊಂದಿಸಬೇಕು. ಹಾಗಿದ್ದಮೇಲೆ ಕಫನ್ನೇ ಕೊಳ್ಳುವುದು ಮೇಲಲ್ಲವೇ?

ಖಚಿತವಾಗದ ಎಚ್ಚರಿಕೆಯ ತೊಂದರೆ ಬೇರೆ. ಅಮೆರಿಕದಲ್ಲಿ 4.19 ಲಕ್ಷ ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಅಧ್ಯಯನದಲ್ಲಿ, ಗಡಿಯಾರದ ಎಚ್ಚರಿಕೆ ಬಂದು ಎದೆಗೆ ಇ.ಸಿ.ಜಿ. ಪ್ಯಾಚ್ ಹಾಕಿಸಿಕೊಂಡವರ ಪೈಕಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಕಂಡದ್ದು ಶೇ 34 ಮಂದಿಯಲ್ಲಿ ಮಾತ್ರ. ಮೊಖಾಡಾದವರಿಗೆ ಇಂಥ ಒಂದು ಎಚ್ಚರಿಕೆ ಎಂದರೆ ಒಂದು ದಿನದ ಕೂಲಿ, ಜೊತೆಗೆ ಆಸ್ಪತ್ರೆಯಿರುವ ಜವ್ಹಾರ್ ಪಟ್ಟಣದವರೆಗಿನ ಜೀಪಿನ ಬಾಡಿಗೆ.

ಹೃದಯಾಘಾತಕ್ಕೆ ದಾರಿಯಾಗುವ ಬಿ.ಪಿ.ಯನ್ನು ಮಾತ್ರ ಮೊದಲೇ ಹಿಡಿಯಬಹುದು. ಅದೇ ದುಡ್ಡಿನಲ್ಲಿ ತೋಳಿಗೆ ಕಟ್ಟುವ, ಸೆಲ್ಲಿನಿಂದ ನಡೆಯುವ ಮೂರು ಬಿ.ಪಿ. ಯಂತ್ರ ತನ್ನಿ. ಕಫ್ ಆರಿಸುವಾಗ ಎಚ್ಚರ. ಯಂತ್ರದೊಂದಿಗೆ ಬರುವುದು ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿನದು. ಹೊಟ್ಟೆ ತುಂಬ ಊಟ ಕಾಣದ ಊರುಗಳಲ್ಲಿ ಅದಕ್ಕಿಂತ ಸಪೂರ ತೋಳುಗಳು ಸಿಗುತ್ತವೆ. ಅಂಥ ತೋಳಿಗೆ ದೊಡ್ಡ ಕಫ್ ಸುತ್ತಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಕಾಯಿಲೆಯವಳನ್ನು ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದಂತಾಗುತ್ತದೆ. 17ರಿಂದ 22 ಸೆಂ.ಮೀ. ಅಳತೆಯ ಸಣ್ಣ ಕಫ್ ಬೇರೆಯಾಗಿ ಕೊಂಡು, ಅಳತೆಯ ಟೇಪನ್ನು ಅದೇ ಚೀಲದಲ್ಲಿಡಿ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಇರಿಸಿ, ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಅರ್ಧ ಗಂಟೆ ಮೊದಲಿನಿಂದ ತಂಬಾಕು, ಮಿಶ್ರಿ (ಹುರಿದ ತಂಬಾಕಿನ ಹಲ್ಲುಪುಡಿ) ಬೇಡ. ಬೇರೊಂದು ದಿನವೂ 140/90 ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಯಂತ್ರ ಇರಬೇಕಾದದ್ದು ಆಶಾ ಕಾರ್ಯಕರ್ತೆಯ ಚೀಲದಲ್ಲಿ. ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಮೊದಲೇ ಕಂಡು, ಮಾತ್ರೆ ತಪ್ಪದೆ ಸಿಗುತ್ತದೆಯೇ ಕೇಳಿಕೊಳ್ಳಿ. ಮಾತ್ರೆ ಇಲ್ಲದ ಊರಿನಲ್ಲಿ ಬಿ.ಪಿ. ಅಳೆದರೆ ಭಯ ಹಂಚಿದಂತೆ. ದುಡ್ಡು ಉಳಿದರೆ, ಎರಡೂ ಕೈಯ ಬೆರಳಿಟ್ಟು 30 ಸೆಕೆಂಡಿನಲ್ಲಿ ಇ.ಸಿ.ಜಿ. ತೆಗೆಯುವ ಒಂಟಿ ಲೀಡಿನ (ಹೃದಯವನ್ನು ಒಂದೇ ಕೋನದಿಂದ ನೋಡುವ) ಉಪಕರಣ ಒಂದು ಸಾಕು, ನಾಡಿ ತಾಳ ತಪ್ಪಿದವರಿಗೆ ಮಾತ್ರ. ಎದೆನೋವಿನವರನ್ನು ಅದರಿಂದ ಪರೀಕ್ಷಿಸುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಲಿ. ಇನ್ನು ಮಕ್ಕಳ ಮಾತು. ಅವರಲ್ಲಿ ಗಂಟಲುನೋವಿನ ನಂತರ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಒಮ್ಮೆ ಅದು ಬಂದ ಮಕ್ಕಳಲ್ಲಿ ಮತ್ತೆ ಬರದಂತೆ ತಡೆಯುವುದು ಮೂರು–ನಾಲ್ಕು ವಾರಕ್ಕೊಮ್ಮೆ ತಪ್ಪದೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ದೀಪಾವಳಿ ಕಳೆದರೆ ಪಾಡಾಗಳ ಅನೇಕರು ಭಿವಂಡಿ, ಕಲ್ಯಾಣ್, ವಸಾಯಿ ಕಡೆಯ ಇಟ್ಟಿಗೆ ಭಟ್ಟಿಗಳಿಗೆ ಹೊರಡುತ್ತಾರೆ, ಮರಳುವುದು ಮಳೆಗಾಲಕ್ಕೆ. ಮಾತ್ರೆ ನಿಲ್ಲುವುದು ಆಗಲೇ. ಹೊರಡುವ ಮೊದಲು ರೀಡಿಂಗ್, ಮಾತ್ರೆಯ ಹೆಸರು ಬರೆದ ಕಾರ್ಡು ಅವರ ಕೈಯಲ್ಲಿರಲಿ. ಕಲ್ಯಾಣ್ ನಿಮಗೆ ಪಕ್ಕದ ಊರು. ತಿಂಗಳಿಗೊಂದು ಭಾನುವಾರ ಸಂಘದ ಇಬ್ಬರು ಆ ಭಟ್ಟಿಗಳಿಗೆ ಹೋಗಿ ಕಾರ್ಡು ನೋಡಿ, ಬಿ.ಪಿ. ಅಳೆದು, ಮಾತ್ರೆ ಮುಗಿದವರನ್ನು ಹತ್ತಿರದ ಸರ್ಕಾರಿ ದವಾಖಾನೆಗೆ ಕರೆದೊಯ್ಯಲಿ.