ಹಸಿರು ದೀಪ ಉರಿದರೆ ಸಾಕೇ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮಲ್ಲಿ ಎಲ್‌ಪಿಜಿ ಫರ್ನೇಸ್ ಇದೆ. ಪಕ್ಕದ ಗೋಡೆಗೆ ಗ್ಯಾಸ್ ಡಿಟೆಕ್ಟರ್ ಹಾಕಿ ನಾಲ್ಕು ವರ್ಷವಾಯಿತು. ಮೊದಲು ಆಗಾಗ ಕೂಗುತ್ತಿತ್ತು, ಈಗ ಕೂಗುವುದೇ ಇಲ್ಲ. ಹಸಿರು ದೀಪ ಉರಿಯುತ್ತಿದೆ, ಸೊನ್ನೆ ತೋರಿಸುತ್ತಿದೆ, ಎಲ್ಲ ಸರಿ ಇದೆ ಅಂತ ಸೂಪರ್‌ವೈಸರ್ ಹೇಳುತ್ತಾರೆ. ನಾನು ಸುಮ್ನೆ ಹೆದರುತ್ತಿದ್ದೇನಾ?"

ಇಲ್ಲ, ನಿಮ್ಮ ಹೆದರಿಕೆ ಸರಿಯಾಗಿದೆ. ಹಸಿರು ದೀಪ ಹೇಳುವುದು ಮುಖ್ಯವಾಗಿ ಕರೆಂಟ್ ಬರುತ್ತಿದೆ ಅಂತ. ಗ್ಯಾಸ್ ಬಂದರೆ ಸೆನ್ಸರ್‌ಗೆ ಗೊತ್ತಾಗುತ್ತದೆ ಅಂತ ಅದು ಹೇಳುವುದಿಲ್ಲ.

ಇಂಥ ಡಿಟೆಕ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಸಾಸಿವೆಯಷ್ಟು ಚಿಕ್ಕ ಬಿಸಿ ಮಣಿ. ಅದಕ್ಕೆ ರಾಸಾಯನಿಕ ಲೇಪನ ಇರುತ್ತದೆ. ಗ್ಯಾಸ್ ತಾಗಿದಾಗ ಅಲ್ಲೇ ಸ್ವಲ್ಪ ಉರಿದು ಮಣಿ ಇನ್ನಷ್ಟು ಬಿಸಿಯಾಗುತ್ತದೆ. ಆ ಬಿಸಿಯನ್ನೇ ಮೀಟರ್ ಅಳೆಯುತ್ತದೆ. ಸಿಲಿಕೋನ್ ಇರುವ ಸ್ಪ್ರೇ, ಪಾಲಿಶ್, ಸೀಲೆಂಟ್‌ಗಳ ಆವಿ ಬಿದ್ದರೆ ಲೇಪನ ಸತ್ತುಹೋಗುತ್ತದೆ. ಆಮೇಲೆ ಗ್ಯಾಸ್ ತುಂಬಿದರೂ ಮೀಟರ್ ಸೊನ್ನೆಯನ್ನೇ ತೋರಿಸಬಹುದು. ಶುದ್ಧ ಗಾಳಿಯ ಸೊನ್ನೆಗೂ ಸತ್ತ ಸೆನ್ಸರ್‌ನ ಸೊನ್ನೆಗೂ ನೋಡಲು ವ್ಯತ್ಯಾಸವೇ ಇಲ್ಲ. ಆಯುಧಪೂಜೆಗೆ ಮುಂಚೆ ಶೆಡ್ ತೊಳೆದು, ಪೇಂಟ್ ಹೊಡೆದು, ಯಂತ್ರಗಳಿಗೆ ಹೊಳಪು ಕೊಡುತ್ತೇವಲ್ಲ, ಆಗ ಡಿಟೆಕ್ಟರ್‌ನ ಜಾಲರಿಗೂ ಬ್ರಷ್ ಹೋಗಿರುತ್ತದೆ. ಹಬ್ಬ ಮುಗಿದ ಮಾರನೇ ದಿನವೇ ಅದನ್ನು ಪರೀಕ್ಷಿಸಿ.

ಪರೀಕ್ಷೆ ಅಂದರೆ ಬಂಪ್ ಟೆಸ್ಟ್. ಪ್ರಮಾಣ ಗೊತ್ತಿರುವ ಗ್ಯಾಸ್ ತುಂಬಿದ ಸಣ್ಣ ಸಿಲಿಂಡರ್ ತರಿಸಿ, ಸೆನ್ಸರ್ ಬಾಯಿಗೆ ಕ್ಯಾಪ್ ಕೂರಿಸಿ, ಪೈಪ್‌ನಿಂದ ಗ್ಯಾಸ್ ಬಿಡುತ್ತಾರೆ. ಅಂಕಿ ಏರಬೇಕು, ಹೂಟರ್ ಕೂಗಬೇಕು. ಫರ್ನೇಸ್ ಓಡುವ ಸದ್ದಿನ ನಡುವೆಯೂ ಅದು ಕೇಳಿಸಬೇಕು. ಗ್ಯಾಸ್ ಲೈನ್‌ನ ವಾಲ್ವ್ ತಾನಾಗಿ ಮುಚ್ಚುವ ವ್ಯವಸ್ಥೆ ಇದ್ದರೆ ಅದು ನಿಜವಾಗಿ ಮುಚ್ಚಿತೇ ಅಂತ ಒಬ್ಬರು ಹೋಗಿ ನೋಡಬೇಕು. ಅಂಕಿ ಸರಿಯಾಗಿ ಏರದಿದ್ದರೆ ಕ್ಯಾಲಿಬ್ರೇಶನ್, ಅಂದರೆ ಆ ಗ್ಯಾಸ್‌ನ ಪ್ರಮಾಣಕ್ಕೆ ಸರಿಯಾಗಿ ಮೀಟರ್‌ನ ಅಂಕಿಯನ್ನು ಹೊಂದಿಸುವುದು. ಅದಕ್ಕೂ ಬಗ್ಗದಿದ್ದರೆ ಸೆನ್ಸರ್ ಬದಲಿಸಬೇಕು. ಈ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ಅಂತ ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಕೈಯಲ್ಲಿ ಹಿಡಿಯುವ ಮೀಟರ್ ಆದರೆ ಪ್ರತಿದಿನ ಬಳಸುವ ಮುಂಚೆ ಬಂಪ್ ಟೆಸ್ಟ್ ಬೇಕು. ಲೈಟರ್ ಗ್ಯಾಸ್ ಬಿಟ್ಟು ನೋಡುವ ಅಭ್ಯಾಸ ದಯವಿಟ್ಟು ಬಿಡಿ. ಆ ಗ್ಯಾಸ್‌ಗೆ ಅಳತೆ ಇಲ್ಲ, ಜಾಸ್ತಿಯಾಗಿ ಮಣಿಯೂ ಹಾಳಾಗಬಹುದು.

ಡಿಟೆಕ್ಟರ್ ಎಷ್ಟು ಎತ್ತರದಲ್ಲಿದೆ ಅಂತ ನೀವು ಬರೆದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಡಿಟೆಕ್ಟರ್ ನೆಲದಿಂದ ಸುಮಾರು ಒಂದು ಅಡಿಯಲ್ಲಿರಬೇಕು. ತಲೆಮಟ್ಟದಲ್ಲಿದ್ದರೆ ತೀರಾ ತಡವಾಗಿ ಕೂಗುತ್ತದೆ. ಇನ್ನೊಂದು ವಿಷಯ. ಪರದೆಯ ಮೇಲಿನ 20 ಅಂದರೆ ಗಾಳಿಯಲ್ಲಿ ನೂರಕ್ಕೆ 20 ಪಾಲು ಗ್ಯಾಸ್ ಅಂತ ಅಲ್ಲ. ಎಲ್‌ಪಿಜಿ ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. 20 ಅಂದರೆ ಆ ಮಟ್ಟದ ಐದನೇ ಒಂದು ಭಾಗ ಆಗಲೇ ತಲುಪಿದೆ ಅಂತ.

ಮೊದಲು ಆಗಾಗ ಕೂಗುತ್ತಿತ್ತು ಅಂದಿರಿ. ನನಗೆ ಹೆಚ್ಚು ಕಳವಳ ತಂದದ್ದು ಅದೇ. ಆಗ ಸೋರಿಕೆ ಹುಡುಕಿದರೋ, ಕೂಗು ನಿಲ್ಲಿಸಿದರೋ? ನ್ಯೂಜಿಲೆಂಡಿನ ಪೈಕ್ ರಿವರ್ ಕಲ್ಲಿದ್ದಲು ಗಣಿಯಲ್ಲಿ 2010ರ ನವೆಂಬರ್ 19ರಂದು ಮೀಥೇನ್ ಎಂಬ ಉರಿಯುವ ಗ್ಯಾಸ್ ಸ್ಫೋಟಿಸಿತು. 29 ಜನ ಸತ್ತರು, ಇಬ್ಬರು ಮಾತ್ರ ಹೊರಬಂದರು. ಅದಕ್ಕೆ ಮುಂಚಿನ 48 ದಿನಗಳಲ್ಲಿ ಮೀಥೇನ್ ಸ್ಫೋಟದ ಮಟ್ಟಕ್ಕೆ ಏರಿದ 21 ವರದಿಗಳಿದ್ದವು ಅಂತ ತನಿಖಾ ಆಯೋಗ ಹೇಳಿತು. ಸೆನ್ಸರ್‌ಗಳು ಸಾಕಷ್ಟಿರಲಿಲ್ಲ, ಇದ್ದವೆಲ್ಲ ನಂಬುವಂತೆಯೂ ಇರಲಿಲ್ಲ. ಕೆಲಸ ನಿಲ್ಲದಿರಲಿ ಅಂತ ಯಂತ್ರಗಳ ಸುರಕ್ಷಾ ಸಾಧನಗಳನ್ನೇ ಕೆಲವರು ನಿಷ್ಕ್ರಿಯ ಮಾಡಿದ್ದರು. ಆ ಕೆಲಸಗಾರರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಉತ್ಪಾದನೆಯ ಒತ್ತಡ ಮೇಲಿನಿಂದ ಬಂದಿತ್ತು.

ನೀವು ನಾಳೆಯೇ ಕೇಳಬೇಕಾದದ್ದು ಕ್ಯಾಲಿಬ್ರೇಶನ್ ಸರ್ಟಿಫಿಕೇಟ್. ಕೊನೆಯ ದಿನಾಂಕ ಯಾವುದು ನೋಡಿ. ಸಿಗದಿದ್ದರೆ ಮಾಲೀಕರಿಗೆ ಬರೆದುಕೊಡಿ, ದಿನಾಂಕ ಹಾಕಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಜೊತೆಗಾರರ ಸಹಿಯೂ ಇದ್ದರೆ ಒಳ್ಳೆಯದು. ಆಗಲೂ ಏನೂ ಆಗದಿದ್ದರೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಿ. ಅಷ್ಟರೊಳಗೆ ಗ್ಯಾಸ್ ವಾಸನೆ ಬಂದರೆ ಮೀಟರ್ ಸೊನ್ನೆ ತೋರಿಸಿದರೂ ಮೂಗನ್ನೇ ನಂಬಿ. ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಗ್ಯಾಸ್ ಲೈನನ್ನು ಹೊರಗಿನ ವಾಲ್ವ್‌ನಲ್ಲೇ ಮುಚ್ಚಿಸಿ.