ಮಡಿಕೇರಿ ಕಡೆ ಹುಲ್ಲುಹಾಸು: ಗೊಬ್ಬರಕ್ಕಿಂತ ಮೊದಲು ನೀರಿನ ದಾರಿ ನೋಡಿ

ಅಕ್ಕ, ಹುಲ್ಲುಹಾಸು ಯಾಕೆ ಹಾಳಾಗುತ್ತಿದೆ ಅಂತ ಕೇಳಿ ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹೋಂಸ್ಟೇ ಅಂಗಳಕ್ಕೆ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಮೆಕ್ಸಿಕನ್ ಹುಲ್ಲಿನ ಹಾಸು ತರಿಸಿ ಹಾಕಿದ್ದೀರಿ. ಈಗ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊದು ಹಬ್ಬ ಕಳೆಯುವಷ್ಟರಲ್ಲಿ ಅರ್ಧ ಹಳದಿ, ಸಿಲ್ವರ್ ಓಕ್ ಮರದ ಕೆಳಗೆ ಪೂರ್ತಿ ಪಾಚಿ. ಯೂರಿಯಾ ಜಾಸ್ತಿ ಕೊಡಿ, ದಿನಾ ನೀರು ಬಿಡಿ ಅಂತ ನಿಮ್ಮ ಪ್ರಶ್ನೆಗೆ ಇಬ್ಬರು ಉತ್ತರ ಬರೆದಿದ್ದಾರೆ. ದಯವಿಟ್ಟು ಎರಡೂ ಬೇಡ. ಬಯಲುಸೀಮೆಯಲ್ಲಿ ಹುಲ್ಲು ಸಾಯುವುದು ನೀರಿಲ್ಲದೆ. ನಮ್ಮಲ್ಲಿ ಸಾಯುವುದು ನಿಂತ ನೀರು, ನೆರಳು, ಹುಳಿ (ಆಮ್ಲೀಯ) ಮಣ್ಣು ಈ ಮೂರೂ ಸೇರಿ. ಬೇರು ಕೊಳೆತ ಹುಲ್ಲಿಗೆ ಯೂರಿಯಾ ಕೊಟ್ಟರೆ ರೋಗಕ್ಕೇ ಊಟ ಹಾಕಿದ ಹಾಗೆ.

ಮೊದಲು ಒಂದು ಕೆಲಸ ಮಾಡಿ. ಹಳದಿ ಮತ್ತು ಹಸಿರು ಸೇರುವ ಅಂಚಿನಲ್ಲಿ ಚಾಕುವಿನಿಂದ ನಾಲ್ಕಿಂಚು ಚದರ ಕತ್ತರಿಸಿ, ಮಣ್ಣಿನ ಸಮೇತ ಎತ್ತಿ ನೋಡಿ. ಬೇರು ಬೆಳ್ಳಗೆ, ಮೂರು ನಾಲ್ಕು ಇಂಚು ಇಳಿದಿದ್ದರೆ ಹುಲ್ಲು ಉಳಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ, ಮಣ್ಣು ಕೊಳೆತ ವಾಸನೆ ಹೊಡೆದರೆ ನೀರು ಬಸಿಯುತ್ತಿಲ್ಲ. ನರ್ಸರಿಯಿಂದ ಬಂದ ಅಂಟುಮಣ್ಣಿನ ಪದರ ಬೇರೆ, ಕೆಳಗಿನ ನಮ್ಮ ಕೆಂಪುಮಣ್ಣು ಬೇರೆ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆಯೇ ಅಂತಲೂ ನೋಡಿ. ಕೆಳಗಿನ ನೆಲವನ್ನು ಅಗೆಯದೆ, ಕಟ್ಟಡದ ಕೆಲಸಕ್ಕೆ ಜೆಸಿಬಿ ಓಡಾಡಿ ಗಟ್ಟಿಯಾದ ಜಾಗದಲ್ಲೇ ಹಾಸು ಬಿಡಿಸಿದ್ದರೆ ಬೇರು ಆ ಗೆರೆ ದಾಟುವುದೇ ಇಲ್ಲ.

ನೀರಿನ ಪರೀಕ್ಷೆಗೆ ಒಂದಡಿ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲದ ನೀರು ಅರ್ಧ ದಿನವಾದರೂ ನಿಂತೇ ಇದ್ದರೆ ಬೇರೆ ಯಾವ ಖರ್ಚಿಗೂ ಮುಂಚೆ ಬಸಿಗಾಲುವೆ ಮಾಡಿಸಿ. ಧರೆ, ಅಂದರೆ ಅಂಗಳದ ಮೇಲಿನ ಮಣ್ಣಿನ ದಿಬ್ಬದ, ಕಡೆಯಿಂದ ಬರುವ ನೀರನ್ನು ಹುಲ್ಲಿಗೆ ತಲುಪುವ ಮೊದಲೇ ತಡೆಯಬೇಕು. ಮೇಲಂಚಿಗೆ ಒಂದೂವರೆ ಅಡಿ ಆಳದ ಚರಂಡಿ ತೆಗೆದು ದಪ್ಪ ಜಲ್ಲಿ ತುಂಬಿಸಿದರೆ ಸಾಕು. ಅಂಗಳಕ್ಕೆ ಐವತ್ತು ಅಡಿಗೆ ಒಂದಡಿಯಷ್ಟು ಇಳಿಜಾರು ಇರಲಿ. ಕಾಫಿ ತೋಟದಲ್ಲಿ ಮಳೆನೀರು ಇಂಗಿಸಲು ತೊಟ್ಟಿಲು ಗುಂಡಿ ತೆಗೆಯುವ ಆಳುಗಳಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ.

ಹುಲ್ಲಿನ ಆಯ್ಕೆ ಬಗ್ಗೆ ನನ್ನ ಅಭಿಪ್ರಾಯ ಖಚಿತ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಮುಂಭಾಗಕ್ಕೆ ಗರಿಕೆ, ಮರದ ನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು. ಕಾರ್ಪೆಟ್ ಹುಲ್ಲು ಹುಳಿ ಮಣ್ಣನ್ನೂ ತೇವವನ್ನೂ ತಡೆದುಕೊಳ್ಳುತ್ತದೆ, ಬೇಸಿಗೆಯ ಒಣಹವೆ ಮಾತ್ರ ತಡೆದುಕೊಳ್ಳದು. ಗರಿಕೆ ಇದಕ್ಕೆ ಉಲ್ಟಾ. ಮೆಕ್ಸಿಕನ್ ಹುಲ್ಲು ನೋಡಲು ಚೆಂದ, ಆದರೆ ಬೆಳವಣಿಗೆ ನಿಧಾನ, ಒಮ್ಮೆ ಕೊಳೆತ ಜಾಗ ಮುಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಮತ್ತೆ ಹಾಸು ತರಿಸಬೇಡಿ. ಜೋರು ಮಳೆ ಇಳಿದಿರುವ ಈಗಲೇ ನೆಡುವ ಕಾಲ. ಬಿಸಿಲೂ ಇದೆ, ಮಧ್ಯೆ ಮಧ್ಯೆ ಹದವಾದ ಮಳೆಯೂ ಇದೆ. ಎರಡು ಮೂರು ಗೆಣ್ಣಿರುವ ಬಳ್ಳಿ ತುಂಡು ಮಾಡಿ, ಗರಿಕೆಯನ್ನು ನಾಲ್ಕಿಂಚಿಗೆ, ಕಾರ್ಪೆಟ್ ಹುಲ್ಲನ್ನು ಆರಿಂಚಿಗೆ ಒಂದರಂತೆ ನೆಡಿಸಿ. ಕುಶಾಲನಗರ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಮಳೆ ಬಹಳ ಕಡಿಮೆ, ನೀವು ಜೂನ್‌ನಲ್ಲೇ ನೆಡಬಹುದು.

ಮಣ್ಣಿನ ಹುಳಿ ಇಳಿಸುವ ಸುಣ್ಣದ ವಿಚಾರ ಕಾಫಿ ಬೆಳೆಯುವವರಿಗೆ ಗೊತ್ತಿರುವುದೇ. ಮಣ್ಣನ್ನು ಗೋಣಿಕೊಪ್ಪ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ವರದಿ ಬಂದು, ಹುಳಿ ಜಾಸ್ತಿ ಅಂತಾದರೆ ನೂರು ಚದರಡಿಗೆ ಒಂದು ಕೆಜಿ ಡೋಲೊಮೈಟ್ ಸುಣ್ಣದಿಂದ ಶುರು ಮಾಡಿ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಧ್ಯೆ ಮೂರು ವಾರ ಬಿಟ್ಟು, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ನೂರು ಚದರಡಿಗೆ ನೂರು ಗ್ರಾಂ ಯೂರಿಯಾವನ್ನು ಒಣ ಮರಳಿನ ಜೊತೆ ಬೆರೆಸಿ ಎರಚಿ, ತಕ್ಷಣ ನೀರು ಕೊಡಿ. ಎಲೆ ಒದ್ದೆಯಿದ್ದಾಗ ಎರಚಿದರೆ ಸುಟ್ಟ ಚುಕ್ಕೆ ಬೀಳುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಇನ್ನೊಮ್ಮೆ ಅಷ್ಟೇ. ಜೂನ್‌ನಿಂದ ಆಗಸ್ಟ್‌ವರೆಗೆ ಏನೂ ಬೇಡ, ಕಕ್ಕಡ ತಿಂಗಳ ಜೋರು ಮಳೆಗೆ ಹಾಕಿದ್ದೆಲ್ಲ ತೋಡಿಗೆ (ಹಳ್ಳಕ್ಕೆ) ಹೋಗುತ್ತದೆ.

ಪಾಚಿಯನ್ನು ಕುಂಟೆಯಿಂದ ಕೆರೆದು ತೆಗೆಯಿರಿ, ಗಟ್ಟಿ ನೆಲಕ್ಕೆ ಮುಳ್ಳುಗುದ್ದಲಿ ಚುಚ್ಚಿ ಸ್ವಲ್ಪ ಅಲುಗಿಸಿ, ತೂತುಗಳಿಗೆ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಗುಡಿಸಿ ತುಂಬಿಸಿ. ಮುಂದಿನ ಮಳೆಗಾಲಕ್ಕೆ ಮುಂಚೆ ಸಿಲ್ವರ್ ಮರದ ಕೆಳಕೊಂಬೆ ಕಪಾತು ಮಾಡಿಸಿ. ಬೆಳಕು ಬಾರದೆ ಪಾಚಿ ಹೋಗದು. ಕಾಫಿಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಹುಲ್ಲಿಗೆ ಹೊಡೆಯಬೇಡಿ, ತಾಮ್ರ ಮಣ್ಣಿನಲ್ಲೇ ಕೂತು ಎರೆಹುಳುವಿಗೆ ತೊಂದರೆ ಕೊಡುತ್ತದೆ.

ನಿಮ್ಮ ಮೂರನೇ ಫೋಟೋದಲ್ಲಿ ಎಲೆ ತುದಿ ನಾರು ನಾರಾಗಿ ಬೆಳ್ಳಗಾಗಿದೆ. ಅದು ರೋಗವಲ್ಲ. ತೋಟದ ಕಳೆ ಹೊಡೆಯುವ ಮಿಷನ್‌ನ ದಾರದಿಂದ ಹೊಡೆಸಿದ್ದೀರಿ, ಅದು ಕತ್ತರಿಸುವುದಿಲ್ಲ, ಹರಿಯುತ್ತದೆ, ಉಬ್ಬಿದ ಕಡೆ ಬುಡದವರೆಗೂ ಬೋಳಿಸುತ್ತದೆ. ಹರಿತ ಬ್ಲೇಡಿನ, ಚಕ್ರವಿರುವ ಮೂವರ್ ಬಳಸಿ. ಇದ್ದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲ ತೆಗೆಯಬಾರದು. ನೆರಳಿನ ಹುಲ್ಲನ್ನು ಎರಡಿಂಚು ಬಿಡಿ.

ಗೊಬ್ಬರ ಹಾಕಿದಾಗ ಬಿಟ್ಟರೆ, ನೀರು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ, ವಾರಕ್ಕೆರಡು ಸಲ, ಬೆಳಿಗ್ಗೆ, ನಾಲ್ಕಿಂಚು ನೆನೆಯುವಷ್ಟು. ಸಂಜೆ ನೀರು ಬೇಡ, ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಶಿಲೀಂಧ್ರ ಬರುತ್ತದೆ.

ಹಂದಿ ಕೆದಕಿದ್ದರ ಬಗ್ಗೆಯೂ ಕೇಳಿದ್ದೀರಿ. ಹಂದಿ ಬರುವುದು ಹುಲ್ಲಿಗಲ್ಲ, ಅಡಿಯ ಎರೆಹುಳು, ಗೊಣ್ಣೆಹುಳಕ್ಕೆ. ಕೆದಕಿದ ಜಾಗದಲ್ಲಿ ಹುಲ್ಲು ಚಾಪೆಯಂತೆ ಸುಲಭವಾಗಿ ಎದ್ದು ಬಂದು, ಕೆಳಗೆ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುಡಿದ ಬಿಳಿ ಹುಳ ಸಿಕ್ಕರೆ, ಒಂದಡಿ ಚದರದಲ್ಲಿ ಎಷ್ಟಿವೆ ಅಂತ ಎಣಿಸಿ ಇಲ್ಲೇ ಬರೆಯಿರಿ. ಒಂದೆರಡಿದ್ದರೆ ಔಷಧಿ ಬೇಡ, ಆರಿಸಿ ಕೋಳಿಗೆ ಹಾಕಿ, ಬೇವಿನ ಹಿಂಡಿ ಬೆರೆಸಿ ಮಣ್ಣು ಮುಚ್ಚಿ. ಹತ್ತರಷ್ಟಿದ್ದರೆ ಹುಳವನ್ನೂ ಮಣ್ಣನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಗೋಣಿಕೊಪ್ಪಕ್ಕೆ ಹೋಗಿ ತೋರಿಸಿ, ಹೇಗೂ ಮಣ್ಣು ಪರೀಕ್ಷೆಗೆ ಹೋಗಲೇಬೇಕಲ್ಲ.