ಯಕ್ಷಗಾನದ ಹಳೆಯ ಕ್ಯಾಸೆಟ್‌ನಲ್ಲಿ ಮಂಕಾದ ಧ್ವನಿ: ಪ್ರತಿಕ್ರಿಯೆ

ಮುಂಬಯಿಯ ಮಾಟುಂಗಾದಲ್ಲಿ ನಡೆದ ಯಕ್ಷಗಾನ ಪ್ರದರ್ಶನದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದಾಗ ಭಾಗವತರ ಪದ ಮಂಕಾಗಿ, ಬುಸುಗುಟ್ಟುವ ಸದ್ದೇ ಮುಂದಾಗಿ ಕೇಳುತ್ತದೆ, ಏನು ಮಾಡುವುದು ಎಂದು ಕೇಳಿದ್ದೀರಿ. ಬಹುಶಃ ಡೆಕ್ಕಿನ (ಕ್ಯಾಸೆಟ್ ಪ್ಲೇಯರಿನ) ಹೆಡ್, ಅಂದರೆ ಟೇಪಿನಿಂದ ಧ್ವನಿಯನ್ನು ಓದುವ ಭಾಗ, ಕೊಳೆಯಾಗಿರುವುದು ಅಥವಾ ಅದರ ಕೋನ ತಪ್ಪಿರುವುದು ಇದಕ್ಕೆ ಕಾರಣ. ಇದನ್ನು ಸಾಫ್ಟ್‌ವೇರ್ ಪೂರ್ತಿ ಸರಿಪಡಿಸಲಾರದು. ಮೊದಲು ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಇದೆಯೇ ನೋಡಿ. ಮುಂಬಯಿಯ ಮಳೆಗಾಲಗಳನ್ನು ಕಂಡ ಕ್ಯಾಸೆಟ್‌ಗಳಿಗೆ ಅದು ಹಿಡಿಯುವುದುಂಟು, ಇದ್ದರೆ ಡೆಕ್ಕಿಗೆ ಹಾಕಲೇಬೇಡಿ. ಇಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ, ಒಣಗಿದ ಮೇಲೆ ಟೇಪ್ ಓಡಿಸುತ್ತ, ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಜಾಗಟೆಯ ನಾದ ಅತ್ಯಂತ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟಷ್ಟೇ ತಿರುಗಿಸಿ. ಆಮೇಲೆ ಕಂಪ್ಯೂಟರಿನಲ್ಲಿ 24 ಬಿಟ್ ಗುಣಮಟ್ಟದಲ್ಲಿ ಧ್ವನಿಮುದ್ರಿಸಿಕೊಂಡು, ಮೂಲ ಕಡತವನ್ನು ದಯವಿಟ್ಟು ಹಾಗೆಯೇ ಉಳಿಸಿ. ನಕಲಿನಲ್ಲಿ ಮಾತ್ರ, ಹಾಡು, ಮಾತು, ವಾದ್ಯ ಯಾವುದೂ ಇಲ್ಲದೆ ಬುಸುಗುಟ್ಟುವ ಸದ್ದಷ್ಟೇ ಇರುವ ತುಣುಕನ್ನು ಮಾದರಿಯಾಗಿ ಕೊಟ್ಟು, ಆಡಾಸಿಟಿ ಎಂಬ ಧ್ವನಿ ಸಂಕಲನ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ (ಸದ್ದು ತಗ್ಗಿಸುವ ಸೌಲಭ್ಯ) ಅನ್ನು 6 ಡೆಸಿಬೆಲ್‌ನಿಂದ ಆರಂಭಿಸಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಚೆಂಡೆಯ ಪೆಟ್ಟು ಮಸುಕಾದಂತೆ ಕೇಳಿದ ಕೂಡಲೇ ನಿಲ್ಲಿಸಿ.